ಅಪ್ಪನ ಅಂಚೆಯನ್ನು ತಡೆದವರು ಯಾರು?

ಮೈಸೂರಿನಲ್ಲಿರುವ ನಮ್ಮ ಅಪ್ಪ ನಿವೃತ್ತ ಗಣಿತ ಅಧ್ಯಾಪಕರು. ಊರೆಲ್ಲ ವಾಟ್ಸ್‌ಆ್ಯಪ್ ಹಿಡಿದ ಮೇಲೂ ಅವರು ಬೆಳಗಿನ ಕಾಫಿಯ ಜೊತೆಗೆ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದಲ್ಲಿ ಸೈ.ಮ್ಯಾಥ್ ಎಂಬ ಗಣಿತದ ನ್ಯೂಸ್‌ಗ್ರೂಪ್ (ಚರ್ಚಾಗುಂಪು) ಓದುವ ಅಭ್ಯಾಸವನ್ನು ಬಿಟ್ಟಿಲ್ಲ. ಬಹಳ ಕಾಲ ಗೂಗಲ್ ಗ್ರೂಪ್ಸ್ ಮೂಲಕವೇ ಓದುತ್ತಿದ್ದರು. 2024ರ ಫೆಬ್ರವರಿ 22ರಿಂದ ಗೂಗಲ್ ಯೂಸ್‌ನೆಟ್‌ನ ಹೊಸ ಬರಹಗಳನ್ನು ತೋರಿಸುವುದನ್ನೂ ಅಲ್ಲಿಂದ ಬರೆಯಲು ಬಿಡುವುದನ್ನೂ ನಿಲ್ಲಿಸಿದಾಗ, ನಾನು ಅವರ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಮೇಲ್ ಖಾತೆಯ ಕೆಳಗೇ ಒಂದು ಉಚಿತ ನ್ಯೂಸ್ ಸರ್ವರಿನ ಖಾತೆಯನ್ನೂ ಸೇರಿಸಿಕೊಟ್ಟಿದ್ದೆ. ಒಂದು ವರ್ಷ ಯಾವ ತಕರಾರೂ ಇರಲಿಲ್ಲ.

ಕಳೆದ ವರ್ಷ ಆಂಟಿವೈರಸ್‌ನ ಪರವಾನಗಿ ನವೀಕರಿಸಿದ ಮರುದಿನ ಅವರ ಫೋನು ಬಂತು. "ನ್ಯೂಸ್‌ಗ್ರೂಪಿನಲ್ಲಿ ಒಂದು ಪೋಸ್ಟೂ ಇಳೀತಿಲ್ಲ ಕಣೋ, ಮೇಲ್ ತೆಗೆದರೆ ಏನೋ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತೆ." ತೊಂದರೆಗಳು ಎರಡು, ಲಕ್ಷಣಗಳೂ ಬೇರೆ ಬೇರೆ. ಹಾಗಾಗಿ ಕಾರಣಗಳೂ ಎರಡಿರಬೇಕೆಂದು ನಾನು ತಿಳಿದೆ. ನ್ಯೂಸ್ ಸರ್ವರ್ ಕೆಟ್ಟಿರಬಹುದು, ಮೇಲ್ ಸಂಸ್ಥೆಯವರು ತಮ್ಮ ಸರ್ವರಿನ ಗುರುತಿನ ಚೀಟಿಯಾದ ಸರ್ಟಿಫಿಕೇಟನ್ನು ಬದಲಿಸಿರಬಹುದು ಎಂದು ಫೋನಿನಲ್ಲೇ ತೀರ್ಪು ಕೊಟ್ಟು ಸುಮ್ಮನಾದೆ. ಅಷ್ಟು ಅವಸರ ಮಾಡಬಾರದಿತ್ತು.

ಶನಿವಾರ ಊರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತೆ. ಎಚ್ಚರಿಕೆಯ ಕಿಟಕಿ ಬಂದಾಗ ಸಾಮಾನ್ಯವಾಗಿ ಎಲ್ಲರೂ ಮಾಡುವಂತೆ ಅಪ್ಪ "ವಿನಾಯಿತಿ ಕೊಡಿ" ಎಂಬ ಗುಂಡಿಯನ್ನು ಒತ್ತಿರಲಿಲ್ಲ. ಪೂರ್ತಿ ಓದದೆ ಯಾವುದಕ್ಕೂ ರುಜು ಹಾಕುವವರಲ್ಲ ಅವರು. ಆ ಕಿಟಕಿಯಲ್ಲಿ ಸರ್ಟಿಫಿಕೇಟನ್ನು ತೆರೆದು ನೋಡಿದೆ. ಅದನ್ನು ನೀಡಿದವರು ಯಾರು ಎಂಬಲ್ಲಿ ಮೇಲ್ ಸಂಸ್ಥೆಯ ಸರ್ಟಿಫಿಕೇಟಿಗೆ ಸಹಿ ಹಾಕುವ ಪ್ರಾಧಿಕಾರದ ಹೆಸರಿರಬೇಕಿತ್ತು. ಅಲ್ಲಿದ್ದದ್ದು ನಾವು ದುಡ್ಡು ಕೊಟ್ಟು ಹಾಕಿಸಿಕೊಂಡ ಆಂಟಿವೈರಸ್ ತಂತ್ರಾಂಶದ ಹೆಸರು!

ಆಗ ನ್ಯೂಸ್‌ಗ್ರೂಪಿನ ಕಡೆಗೂ ಅನುಮಾನ ತಿರುಗಿತು. ಸರ್ವರಿಗೆ ನೇರವಾಗಿ ಸಂಪರ್ಕಿಸಿ ನೋಡುವ ಟೆಲ್‌ನೆಟ್ ಎಂಬ ಸಾಧನ ವಿಂಡೋಸ್‌ನಲ್ಲಿ ಮೊದಲಿಗೇ ಚಾಲೂ ಇರುವುದಿಲ್ಲ, ಅದನ್ನು ಹಾಕಿಕೊಂಡು ನ್ಯೂಸ್ ಸರ್ವರಿನ 119ನೇ ಪೋರ್ಟಿಗೆ (ನ್ಯೂಸ್‌ಗೆಂದು ಗೊತ್ತುಪಡಿಸಿದ ಬಾಗಿಲಿಗೆ) ಸಂಪರ್ಕಿಸಿದೆ. ಸಂಪರ್ಕವೇನೋ ಕ್ಷಣದಲ್ಲಿ ಆಯಿತು, ಆದರೆ ಸರ್ವರ್ ಮೊದಲು ಹೇಳಬೇಕಾದ 200 ಅಥವಾ 201 ಎಂಬ ಸ್ವಾಗತದ ಸಾಲು ಬರಲೇ ಇಲ್ಲ, ಕಪ್ಪು ಪರದೆ ಹಾಗೆಯೇ ನಿಂತಿತು. ಮುಂದಿನ ಪ್ರಯೋಗವನ್ನು ಬಹುಮಟ್ಟಿಗೆ ಚೇಷ್ಟೆಗಾಗಿ ಮಾಡಿದೆ. 192.0.2.1 ಎಂಬ ವಿಳಾಸವನ್ನು ಕೈಪಿಡಿಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಮೀಸಲಿಟ್ಟಿದ್ದಾರೆ. ಅಂತರಜಾಲದಲ್ಲಿ ಆ ವಿಳಾಸದಲ್ಲಿ ಯಾವ ಯಂತ್ರವೂ ಇರುವಂತಿಲ್ಲ. ಅದರ 119ನೇ ಪೋರ್ಟಿಗೆ ಟೆಲ್‌ನೆಟ್ ಮಾಡಿದರೆ ಅದಕ್ಕೂ ತಕ್ಷಣ ಸಂಪರ್ಕವಾಯಿತು! ಇಲ್ಲದ ಮನೆಯ ಕದ ತಟ್ಟಿದಾಗ ಒಳಗಿನಿಂದ "ಬನ್ನಿ" ಎಂದು ಯಾರೋ ಕರೆದಂತಾಯಿತು. ಕರೆದವರು ನಮ್ಮ ಕಂಪ್ಯೂಟರಿನೊಳಗೇ ಇದ್ದರು.

ಆಗುತ್ತಿದ್ದದ್ದು ಇಷ್ಟು. ಮೇಲನ್ನು ತಪಾಸಣೆ ಮಾಡುವ ಆಂಟಿವೈರಸ್, ಮೇಲ್ ಮತ್ತು ನ್ಯೂಸ್‌ಗಳ ಗೊತ್ತಾದ ಪೋರ್ಟುಗಳಿಗೆ ಹೊರಟ ಪ್ರತಿಯೊಂದು ಸಂಪರ್ಕವನ್ನೂ ದಾರಿಯಲ್ಲೇ ತಿರುಗಿಸಿ, ಅದೇ ಕಂಪ್ಯೂಟರಿನಲ್ಲಿ ತಾನು ಇರಿಸಿಕೊಂಡ ಒಬ್ಬ ಮಧ್ಯವರ್ತಿಯ ಬಳಿಗೆ ಒಯ್ಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಕೆಲವು ಇದನ್ನು ಬಹಿರಂಗವಾಗಿಯೇ ಮಾಡುತ್ತಿದ್ದವು: ಖಾತೆಯ ಸರ್ವರ್ ಹೆಸರನ್ನು ಅಳಿಸಿ 127.0.0.1, ಅಂದರೆ ಇದೇ ಕಂಪ್ಯೂಟರ್ ಎಂಬ ವಿಳಾಸವನ್ನು ಬರೆಯುತ್ತಿದ್ದವು, ನೋಡಿದವರಿಗೆ ಗೊತ್ತಾಗುತ್ತಿತ್ತು. ಈಗಿನವು ಸೆಟ್ಟಿಂಗನ್ನು ಮುಟ್ಟುವುದಿಲ್ಲ, ಹಾಗಾಗಿ ಗುರುತು ಸಿಗುವುದಿಲ್ಲ. ಥಂಡರ್‌ಬರ್ಡ್ ತಾನು ಸರ್ವರಿನೊಡನೆ ಮಾತನಾಡುತ್ತಿದ್ದೇನೆ ಎಂದುಕೊಂಡಿರುತ್ತದೆ. ನಿಜವಾದ ಸರ್ವರಿನೊಡನೆ ಮಾತನಾಡುವುದು ಮಧ್ಯವರ್ತಿ.

ಈ ಮಧ್ಯವರ್ತಿಗೆ ಪತ್ರ ಪೂರ್ತಿ ಕೈಗೆ ಬಾರದೆ ಅದನ್ನು ಪರೀಕ್ಷಿಸಲಾಗುವುದಿಲ್ಲ. ದೊಡ್ಡ ಲಗತ್ತಿರುವ ಮೇಲ್ ಬಂದಾಗ ಅದು ಎಲ್ಲವನ್ನೂ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತಿರುವಷ್ಟು ಹೊತ್ತು ಮೇಲ್ ತಂತ್ರಾಂಶಕ್ಕೆ ಒಂದು ಅಕ್ಷರವೂ ತಲುಪದೆ, ಕಾಯುವ ಅವಧಿ ಮೀರಿ ಸಂಪರ್ಕ ಕಡಿದುಹೋಗುತ್ತದೆ. ನ್ಯೂಸ್‌ಗ್ರೂಪಿನ ಗತಿ ಇನ್ನೂ ಕಷ್ಟ. ಅಲ್ಲಿ ಓದುಗ ಮೊದಲು ಕೇಳುವುದು ಸಾವಿರಾರು ಬರಹಗಳ ಶೀರ್ಷಿಕೆಗಳ ಪಟ್ಟಿಯನ್ನು. ಒಂದು ಸಾಲಿನಲ್ಲಿ ಬರಿಯ ಚುಕ್ಕೆ ಬಂದಾಗಲೇ ಆ ಪಟ್ಟಿ ಮುಗಿದಂತೆ, ಅಷ್ಟರವರೆಗೆ ಮಧ್ಯವರ್ತಿ ಎಲ್ಲವನ್ನೂ ಹಿಡಿದಿಟ್ಟುಕೊಂಡರೆ ಓದುಗನಿಗೆ ಒಂದೂ ತಲುಪುವುದಿಲ್ಲ. ನ್ಯೂಸ್‌ಗ್ರೂಪಿನ ಬರಹಗಳನ್ನು ಸಾಗಿಸುವ ಎನ್‌ಎನ್‌ಟಿಪಿ ಎಂಬ ಈ ನಿಯಮಾವಳಿ 1986ರದ್ದು, 2006ರಲ್ಲಿ ಪರಿಷ್ಕಾರವಾಗಿದೆ. ಅಷ್ಟು ಹಳೆಯದನ್ನು ಈಗಿನ ಆಂಟಿವೈರಸ್ ಬರೆಯುವವರು ಒಮ್ಮೆಯಾದರೂ ಬಳಸಿ ನೋಡಿರುತ್ತಾರೆಂದು ನನಗೇಕೋ ಅನ್ನಿಸುವುದಿಲ್ಲ.

ಮೇಲ್‌ನ ಸರ್ಟಿಫಿಕೇಟ್ ತೊಂದರೆಗೂ ಮೂಲ ಇದೇ. ಮೇಲ್ ಬರುವುದು 993ನೇ ಪೋರ್ಟಿನಲ್ಲಿ, ಗೂಢಲಿಪಿಯಲ್ಲಿ. ಮುಚ್ಚಿದ ಲಕೋಟೆಯನ್ನು ಓದಬೇಕಾದರೆ ಅದನ್ನು ಒಡೆದು, ಓದಿ, ಬೇರೆ ಮುದ್ರೆ ಒತ್ತಿ ಮುಚ್ಚಬೇಕು. ಆ ಬೇರೆ ಮುದ್ರೆಯೇ ಆಂಟಿವೈರಸ್ ತಾನೇ ತಯಾರಿಸಿದ ಸರ್ಟಿಫಿಕೇಟ್. ಅದನ್ನು ನಂಬಬೇಕೆಂದು ಅದು ವಿಂಡೋಸ್‌ಗೆ ಹೇಳಿಕೊಟ್ಟಿರುತ್ತದೆ, ಆದರೆ ಥಂಡರ್‌ಬರ್ಡ್ ನಂಬಿಕಸ್ಥರ ಪಟ್ಟಿಯನ್ನು ಪ್ರತ್ಯೇಕವಾಗಿ ತನ್ನಲ್ಲೇ ಇಟ್ಟುಕೊಳ್ಳುವ ತಂತ್ರಾಂಶ. ಆ ಪಟ್ಟಿಯಲ್ಲಿಲ್ಲದ ಮುದ್ರೆಯನ್ನು ಕಂಡು ಅದು ತಕರಾರು ತೆಗೆದದ್ದು ಸರಿಯಾಗಿಯೇ ಇತ್ತು. ನನ್ನ ಮಟ್ಟಿಗೆ, ಇಲ್ಲಿ ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದು ನಾವು ಬೈಯುತ್ತಿದ್ದ ಥಂಡರ್‌ಬರ್ಡ್ ಒಂದೇ.

ಆಂಟಿವೈರಸ್‌ಗೆ "ಒಂದು ಗಂಟೆ ವಿರಾಮ" ಕೊಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ವಿರಾಮದಲ್ಲಿ ತಪಾಸಣೆ ನಿಂತರೂ ಮಧ್ಯವರ್ತಿ ಕುರ್ಚಿ ಬಿಟ್ಟು ಏಳುವುದಿಲ್ಲ. ಸೆಟ್ಟಿಂಗ್‌ನೊಳಗೆ ಹುಡುಕಿ ಮೇಲ್ ತಪಾಸಣೆಯ ವಿಭಾಗವನ್ನೇ ತೆಗೆದುಹಾಕಿ, ಗೂಢಲಿಪಿ ಸಂಪರ್ಕಗಳ ತಪಾಸಣೆಯನ್ನೂ ಬಂದ್ ಮಾಡಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ 192.0.2.1 ಉತ್ತರಿಸುವುದನ್ನು ನಿಲ್ಲಿಸಿತು. ನ್ಯೂಸ್ ಸರ್ವರ್ ತನ್ನ 200ರ ಸಾಲನ್ನು ಹೇಳಿತು. ಮೇಲ್‌ನ ಎಚ್ಚರಿಕೆಯೂ ಹೋಯಿತು.

"ಹಾಗಾದರೆ ಮೇಲಿನಲ್ಲಿ ವೈರಸ್ ಬಂದರೆ?" ಎಂದು ಅಪ್ಪ ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಆಂಟಿವೈರಸ್‌ಗಳನ್ನು ಪರೀಕ್ಷಿಸಲೆಂದೇ ಐಕಾರ್ ಎಂಬ, 68 ಅಕ್ಷರಗಳ, ಯಾರಿಗೂ ಹಾನಿ ಮಾಡದ ಒಂದು ಸಾಲಿದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಉಳಿಸಿದೆ, ಉಳಿಸಿದ ಕ್ಷಣವೇ ಆಂಟಿವೈರಸ್ ಕೂಗಿಕೊಂಡಿತು. ಲಗತ್ತನ್ನು ತೆರೆದಾಗಲೂ ಅದು ಮೊದಲು ಡಿಸ್ಕಿನ ಮೇಲೆ ಕಡತವಾಗಿ ಇಳಿಯಬೇಕು, ಅಲ್ಲಿ ಈ ಕಾವಲು ಇದ್ದೇ ಇದೆ. ದಾರಿಯ ನಡುವೆ ಇನ್ನೊಬ್ಬ ಕಾವಲುಗಾರ ನಿಂತು ಎಲ್ಲ ಲಕೋಟೆಗಳನ್ನೂ ಒಡೆಯುವುದರಿಂದ ಮನೆಯ ಬಳಕೆದಾರನಿಗೆ ಹೆಚ್ಚಿನ ರಕ್ಷಣೆಯೇನೂ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಹೊರಡುವ ಮುನ್ನ ಮತ್ತೊಂದು ಕೆಲಸ ಮಾಡಿದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಇಡೀ ಇನ್‌ಬಾಕ್ಸನ್ನು ಒಂದೇ ಕಡತವಾಗಿ ಇಡುತ್ತದೆ. ಅಳಿಸಿದ ಪತ್ರಗಳು ಕೂಡ ಕಡತವನ್ನು ಅಡಕಗೊಳಿಸುವವರೆಗೆ ಅದರಲ್ಲೇ ಇರುತ್ತವೆ. ಎಂದೋ ಅಳಿಸಿದ ಪತ್ರವೊಂದರಲ್ಲಿ ಸೋಂಕಿನ ಲಗತ್ತು ಕಂಡು ಆಂಟಿವೈರಸ್ ಕಡತವನ್ನು ಪ್ರತ್ಯೇಕ ವಾಸಕ್ಕೆ (ಕ್ವಾರಂಟೈನ್) ಕಳುಹಿಸಿದರೆ ವರ್ಷಗಟ್ಟಲೆಯ ಅಂಚೆ ಒಟ್ಟಿಗೇ ಮಾಯವಾಗುತ್ತದೆ. ಅದಕ್ಕಾಗಿ ಪತ್ರಗಳಿರುವ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟು, ಅದರ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದುಕೊಂಡೆ.

ಆ ರಾತ್ರಿ ಶೀರ್ಷಿಕೆಗಳೆಲ್ಲ ಇಳಿದ ಮೇಲೆ ಅಪ್ಪ ತಮ್ಮ ಹೆಸರನ್ನು ಹುಡುಕಿ ಮುಖ ಸಿಂಡರಿಸಿದರು. ವಾರದ ಮಧ್ಯದಲ್ಲಿ ಅವರು ಯಾರದೋ ಪ್ರಶ್ನೆಗೆ ಉತ್ತರ ಬರೆದು ಕಳುಹಿಸಲು ಹೋದಾಗ ಸಂಪರ್ಕ ಕಡಿಯಿತೆಂಬ ಸಂದೇಶ ಬಂದು, ಮತ್ತೆ ಮತ್ತೆ ಕಳುಹಿಸಿದ್ದರಂತೆ. ಸರ್ವರಿಗೆ ಪ್ರತಿ ಸಲವೂ ಬರಹ ತಲುಪಿತ್ತು. ತಲುಪಿತೆಂಬ ಉತ್ತರ ಮಾತ್ರ ಮಧ್ಯವರ್ತಿಯ ಹತ್ತಿರ ಉಳಿದಿತ್ತು. ಒಂದೇ ಉಪಪತ್ತಿ ಸೈ.ಮ್ಯಾಥ್‌ನಲ್ಲಿ ಮೂರು ಸಲ ನಿಂತಿತ್ತು, ಎರಡನೆಯ ಸಾಲಿನ ಚಿಹ್ನೆಯ ತಪ್ಪಿನ ಸಮೇತ.