ಅಮ್ಮನ ಜೊತೆ ಲ್ಯುಬ್ಲ್ಯಾನಾ: ಪ್ಲ್ಯಾನ್ ಎಲ್ಲಿಗೆ ಬಂತು

ಆಗಸ್ಟ್ 23

ಈ ಸಲ ಅಕ್ಟೋಬರ್‌ಫೆಸ್ಟ್, ಅಂದರೆ ಇಲ್ಲಿನ ದೊಡ್ಡ ಬಿಯರ್ ಜಾತ್ರೆ, ಶುರುವಾಗುವುದು ಸೆಪ್ಟೆಂಬರ್ 20ಕ್ಕೆ. ಮ್ಯೂನಿಕ್‌ನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆ ಬಯಲು ನಮ್ಮ ಮನೆಯಿಂದ ಎರಡೇ ಸ್ಟಾಪ್. ಆ ವಾರಾಂತ್ಯ ಟ್ರೇನು ತುಂಬ ಚರ್ಮದ ಚಡ್ಡಿ ಹಾಕಿಕೊಂಡವರೇ. ಅಮ್ಮ ಮೈಸೂರಿನಿಂದ ಬಂದು ಮೂರು ವಾರವಾಯಿತು. ಶುಕ್ರವಾರ ಒಂದು ರಜೆ ಹಾಕಿ, ಇಬ್ಬರೂ ಎಲ್ಲಾದರೂ ಹೋಗಿ ಭಾನುವಾರ ರಾತ್ರಿ ವಾಪಸ್ ಬರುವುದು ಅಂತ ತೀರ್ಮಾನ.

ವಿಯೆನ್ನಾ, ಪ್ರಾಗ್ ಎರಡೂ ಅಮ್ಮನ ಮಂಡಿಗೆ ದೊಡ್ಡ ಊರುಗಳು. ಉಳಿದಿದ್ದು ಸ್ಲೊವೇನಿಯಾದ ರಾಜಧಾನಿ. ಜನಸಂಖ್ಯೆ 3 ಲಕ್ಷ ಮುಟ್ಟುವುದಿಲ್ಲ. ಇಡೀ ದೇಶಕ್ಕೇ ಸುಮಾರು 21 ಲಕ್ಷ. ಅಮ್ಮ ಮ್ಯಾಪ್‌ನಲ್ಲಿ ಹೆಸರು ನೋಡಿ "ಲ್ಜುಬ್ಲ್ಜಾನಾ? ಇದನ್ನ ಬಾಯಲ್ಲಿ ಹೇಳೋದು ಹೇಗೆ ಕಣೇ?" ಅಂದರು. ಅಲ್ಲಿ ‘ಜೆ’ ಅಕ್ಷರವನ್ನು ‘ಯ’ ಅಂತ ಓದಬೇಕು ಅಂದೆ. ಲ್ಯುಬ್ಲ್ಯಾನಾ. ಮೂರನೇ ಸಲಕ್ಕೆ ಸರಿಯಾಗಿ ಬಂತು.

ಆಗಸ್ಟ್ 27

ವೀಸಾ ವಿಚಾರ ಮುಗಿಯಿತು. ಅಮ್ಮನ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಜರ್ಮನಿ ಕೊಟ್ಟಿದ್ದಾದರೂ ಸ್ಲೊವೇನಿಯಾಕ್ಕೂ ನಡೆಯುತ್ತದೆ. ಆ ದೇಶದವರು 2007ರಲ್ಲೇ ಯೂರೊಗೂ ಬಂದರು, ಷೆಂಗೆನ್‌ಗೂ ಸೇರಿದರು. ಆದರೂ ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು. ಹೋದ ವರ್ಷ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಿಂದ ವಾಪಸ್ ಬರುವಾಗ ಗಡಿಯಲ್ಲಿ ತಪಾಸಣೆ ಆಯಿತು. ನನ್ನ ಪಾಸ್‌ಪೋರ್ಟ್ ಮನೆಯ ಡ್ರಾಯರ್‌ನಲ್ಲಿ ಭದ್ರವಾಗಿತ್ತು. ಮತ್ತೆ ಆ ಪಾಡು ಬೇಡ.

ಕಾರೋ ರೈಲೋ ಅಂತ ಒಂದು ಸಂಜೆ ಚರ್ಚೆ. ನಮ್ಮವರು ಕಾರು ತಗೊಂಡು ಹೋಗಿ ಅಂದರು. (ಅವರು ಬರುವುದಿಲ್ಲ, ಜಾತ್ರೆಗೆ ಅವರ ಸ್ನೇಹಿತರು ಬರುತ್ತಾರೆ.) ಲೆಕ್ಕ ಹಾಕಿದೆ. ಆಸ್ಟ್ರಿಯಾ ಹೆದ್ದಾರಿಗೆ ಒಂದು ಪಾಸು, ಸ್ಲೊವೇನಿಯಾಕ್ಕೆ ಇನ್ನೊಂದು, ಮಧ್ಯೆ ಟೌವರ್ನ್ ಮತ್ತು ಕಾರವಾಂಕೆ ಸುರಂಗಗಳಿಗೆ ಬೇರೆ ಬೇರೆ ಟೋಲ್. ಇಷ್ಟೆಲ್ಲ ಕಟ್ಟಿ ಹೋದರೆ ಊರಿನ ನಡುಭಾಗಕ್ಕೆ ಕಾರೇ ಬಿಡುವುದಿಲ್ಲ. 2007ರಿಂದ ಹಾಗೆ. ಹಾಗಾದರೆ ರೈಲೇ ಸರಿ, ಅಲ್ವಾ? ಸಾಲ್ಜ್‌ಬರ್ಗ್, ಫಿಲಾಖ್ ಮೇಲೆ ಸುಮಾರು 6 ಗಂಟೆ. 1906ರಲ್ಲಿ ತೆರೆದ, ಹತ್ತಿರ ಹತ್ತಿರ 8 ಕಿಲೋಮೀಟರ್ ಉದ್ದದ ರೈಲು ಸುರಂಗ ದಾಟಿದರೆ ಆ ಕಡೆ ಸ್ಲೊವೇನಿಯಾ. ಕಿಟಕಿ ಪಕ್ಕದ ಸೀಟು ಅಮ್ಮನಿಗೆ.

ಆಗಸ್ಟ್ 28

ಟಿಕೆಟ್ ತಗೊಳ್ಳುವ ಮುಂಚೆ ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ನನಗೆ ಎದೆ ಧಸಕ್ ಅಂತು. ಎಡೆ ಇಡುವುದನ್ನು ಊರಿನಲ್ಲಿ ಅಣ್ಣ ನೋಡಿಕೊಳ್ಳುತ್ತಾನೆ. ಪ್ರಯಾಣದ ಮಾತೇನು? ಅಮ್ಮ ಎರಡು ನಿಮಿಷ ಕನ್ನಡಕ ಒರೆಸಿದರು. ಆಮೇಲೆ ಅವರೇ ತೀರ್ಪು ಕೊಟ್ಟರು: "ಅಮಾವಾಸ್ಯೆ ದಿನ ಹೊರಡಬಾರದು. ಮನೆಗೆ ಬರೋದಕ್ಕೆ ಏನೂ ತೊಂದರೆ ಇಲ್ಲ." ತಕ್ಷಣ ಬುಕ್ ಮಾಡಿಬಿಟ್ಟೆ, ಮನಸ್ಸು ಬದಲಾಗುವ ಮುಂಚೆ.

ಸೆಪ್ಟೆಂಬರ್ 3

ರೂಮಿನಲ್ಲಿ ಎಡವಿದೆ. ಹಳೇ ಪೇಟೆಯಲ್ಲಿ, ಮರದ ತೊಲೆಯ ಮಾಡಿನ ಕೆಳಗೆ, ನದಿ ಕಾಣುವ ಚಂದದ ರೂಮು. ದುಡ್ಡು ಕಟ್ಟಿದ ಮೇಲೆ ಕೆಳಗಿನ ಸಣ್ಣ ಅಕ್ಷರ ಓದಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಪುಣ್ಯಕ್ಕೆ ಅದೇ ದಿನ ರದ್ದು ಮಾಡಿದ್ದರಿಂದ ದುಡ್ಡು ವಾಪಸ್ ಬಂತು. ಈಗ ರೈಲ್ವೆ ಸ್ಟೇಷನ್ ಹತ್ತಿರ, ಲಿಫ್ಟ್ ಇರುವ ಸಾದಾ ರೂಮು. ಅಲ್ಲಿಂದ ನಡುಪೇಟೆಗೆ ಕಾಲು ಗಂಟೆ ನಡಿಗೆ.

ಹುಡುಕುವಾಗ ಇನ್ನೊಂದು ಸಿಕ್ಕಿತ್ತು. ಹಳೇ ಮಿಲಿಟರಿ ಜೈಲನ್ನೇ ಹಾಸ್ಟೆಲ್ ಮಾಡಿದ್ದಾರೆ, ಸೆಲ್‌ಗಳೇ ರೂಮುಗಳು. ಅಮ್ಮನಿಗೆ ತೋರಿಸಿದೆ. "ಜೈಲಲ್ಲಿ ಮಲಗೋಕೆ ಅಷ್ಟು ದೂರ ಯಾಕೆ ಹೋಗಬೇಕು?" ಆ ಮಾತು ಅಲ್ಲಿಗೇ ಮುಗಿಯಿತು.

ಸೆಪ್ಟೆಂಬರ್ 7

ಈಗ ನಿಜವಾದ ಕೆಲಸ, ಪಟ್ಟಿಯಲ್ಲಿ ಬೇಡದ್ದನ್ನು ಹೊಡೆದುಹಾಕುವುದು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ 14 ಜಾಗ ಬರೆದಿದ್ದೆವು. ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಲ್ಯುಬ್ಲ್ಯಾನಾದಲ್ಲಿ ರೂಮು ಮಾಡಿ, ಒಂದು ದಿನ ಬ್ಲೆಡ್ ಸರೋವರ, ಒಂದು ದಿನ ಪೋಸ್ಟೊಯ್ನಾ ಗುಹೆ. ಹಾಗಾದರೆ ಊರು ನೋಡುವುದು ಯಾವಾಗ? ರಾಜಧಾನಿಯನ್ನು ಬಸ್‌ಸ್ಟ್ಯಾಂಡ್ ಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ.

ಗುಹೆ ಮೊದಲು ಹೋಯಿತು. ಒಳಗೆ ವರ್ಷವಿಡೀ 10 ಡಿಗ್ರಿ ಆಸುಪಾಸು. ಅಮ್ಮನ ಮಂಡಿಗೆ ಆ ತಣ್ಣಗೆ ಆಗುವುದಿಲ್ಲ. ಬ್ಲೆಡ್ ಹೊಡೆದುಹಾಕುವಾಗ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು, ನಿಜ. ದ್ವೀಪದ ಮೇಲಿನ ಚರ್ಚಿಗೆ 99 ಮೆಟ್ಟಿಲು. "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ನಾನು" ಅಂದರು ಅಮ್ಮ. ಯಾವಾಗ ಅಂತ ನಾನು ಕೇಳಲಿಲ್ಲ. ಕೊನೆಗೆ ಅವರೇ ಪೆನ್ಸಿಲ್ ತಗೊಂಡು ಗೀಟು ಎಳೆದರು.

ಕೋಟೆ ಉಳಿಯಿತು. ಗುಡ್ಡದ ಮೇಲಿದೆ, ಆದರೆ 2006ರಿಂದ ಹಳಿಯ ಮೇಲೆ ಎಳೆಯುವ ಗಾಜಿನ ಡಬ್ಬಿಯೊಂದಿದೆ, ಒಂದು ನಿಮಿಷದಲ್ಲಿ ಮೇಲೆ. ಕೆಳಗೆ ಪೇಟೆಯಲ್ಲಿ ‘ಕವಲೀರ್’ ಅಂತ ಪುಟ್ಟ ಎಲೆಕ್ಟ್ರಿಕ್ ಗಾಡಿಗಳು ಓಡಾಡುತ್ತವೆ. ಕೈ ಮಾಡಿದರೆ ನಿಲ್ಲುತ್ತವೆ, ದುಡ್ಡಿಲ್ಲ. ಇದನ್ನು ಓದಿದ ಮೇಲೆ ನನಗೆ ಅರ್ಧ ಚಿಂತೆ ಇಳಿಯಿತು.

ಮೂರು ಸೇತುವೆಯೂ ಉಳಿಯಿತು. ಅಮ್ಮ ಫೋಟೋ ನೋಡಿ "ಒಂದು ಸಣ್ಣ ಹೊಳೆಗೆ ಪಕ್ಕಪಕ್ಕದಲ್ಲೇ ಮೂರು ಸೇತುವೆ ಯಾಕೆ? ಯಾವ ಕಂಟ್ರಾಕ್ಟರು?" ಅಂತ ಕೇಳಿದರು. ನಡುವಿನ ಕಲ್ಲು ಸೇತುವೆ 1842ರದ್ದು. ಗಾಡಿ ಓಡಾಟ ಜಾಸ್ತಿಯಾಗಿ ಅದು ಸಾಲದಾಯಿತು. ಯೋಜೆ ಪ್ಲೆಚ್ನಿಕ್ ಅನ್ನುವ ವಾಸ್ತುಶಿಲ್ಪಿ ಅದನ್ನು ಕೆಡವಲಿಲ್ಲ. 1930ರ ಸುಮಾರಿಗೆ ಎರಡೂ ಪಕ್ಕ ನಡೆಯುವವರಿಗೆ ಒಂದೊಂದು ಸೇತುವೆ ಕಟ್ಟಿದ. ಈಗ ಗಾಡಿಯೇ ಇಲ್ಲ, ಮೂರರಲ್ಲೂ ಜನವೇ. ಊರಿನ ಮಾರ್ಕೆಟ್ಟಿನ ಕಂಬಸಾಲು, ದೊಡ್ಡ ಲೈಬ್ರರಿ, ನದಿಯ ದಡ ಎಲ್ಲ ಅದೇ ಮನುಷ್ಯನ ಕೈ. ಅವನ ಈ ಕೆಲಸ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಸೇತುವೆಯ ಬುಡದಲ್ಲೇ ಕವಿ ಫ್ರಾನ್ಸೆ ಪ್ರೆಷೆರೆನ್ ಪ್ರತಿಮೆ. ಎದುರು ಬೀದಿಯ ಗೋಡೆಯೊಂದರ ಮೇಲೆ ಅವನಿಗೆ ಒಲಿಯದ ಯೂಲಿಯಾಳ ಮುಖ. ಅವನು ಅತ್ತಲೇ ನೋಡುತ್ತಾ ನಿಂತಿದ್ದಾನೆ. ಅವನು ತೀರಿಕೊಂಡ ಫೆಬ್ರವರಿ 8 ಅಲ್ಲಿ ಸರ್ಕಾರಿ ರಜೆ. "ನೋಡಮ್ಮ, ಕವಿಗೋಸ್ಕರ ರಜೆ! ನಮ್ಮಲ್ಲಿ ಇದೆಯಾ?" ಅಂತ ಜಂಬದಿಂದ ಕೇಳಿದೆ. "ಯಾಕೆ, ಕನಕದಾಸ ಜಯಂತಿಗೆ ರಜೆ ಇಲ್ವಾ? ವಾಲ್ಮೀಕಿ ಜಯಂತಿಗೆ?" ನನ್ನ ಬಾಯಿ ಮುಚ್ಚಿತು.

ಸೆಪ್ಟೆಂಬರ್ 12

ದಿನಗಳನ್ನು ಜೋಡಿಸಿದ್ದಾಯಿತು. ಇಲ್ಲಿ ಭಾನುವಾರವೇ ತಲೆನೋವು. 2020ರ ಕಾನೂನಿನ ಪ್ರಕಾರ ಅಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಬಂದ್. ತರಕಾರಿ ಮಾರ್ಕೆಟ್ಟೂ ಇರುವುದಿಲ್ಲ. ಹಾಗಾಗಿ ಮಾರ್ಕೆಟ್ಟು, ಡ್ರ್ಯಾಗನ್ ಸೇತುವೆ, ರೈಲಿಗೆ ಬೇಕಾದ ಹಣ್ಣು ಎಲ್ಲ ಶನಿವಾರ ಬೆಳಿಗ್ಗೆ. ಭಾನುವಾರ ನದಿ ದಡದಲ್ಲಿ ಹಳೇ ಸಾಮಾನಿನ ಸಂತೆ, ಆಮೇಲೆ ರೈಲು.

ಶುಕ್ರವಾರ ಇಳಿದ ಕೂಡಲೇ ‘ಓದ್ಪ್ರ್ತಾ ಕುಹ್ನಾ’, ಅಂದರೆ ತೆರೆದ ಅಡುಗೆಮನೆ. ಮಾರ್ಕೆಟ್ ಪಕ್ಕದ ಚೌಕದಲ್ಲಿ ಪ್ರತಿ ಶುಕ್ರವಾರ ಹೋಟೆಲಿನವರು ಬಂದು ಎದುರಿಗೇ ಅಡುಗೆ ಮಾಡಿ ಮಾರುತ್ತಾರೆ. ಮಾರ್ಚ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಮಳೆ ಇಲ್ಲದಿದ್ದರೆ ಮಾತ್ರ.

ಊಟದ ಬಗ್ಗೆ ಜಾಸ್ತಿ ಓದಿದ್ದೇನೆ. ‘ಬ್ರೆಸ್ ಮೆಸಾ’ ಅಂದರೆ ಮಾಂಸ ಇಲ್ಲದ್ದು. ಇದೊಂದು ಬಾಯಿಪಾಠ ಆಗಲೇಬೇಕು. ‘ಝ್ಲಿಕ್ರೋಫಿ’ ನೋಡಲು ಪುಟ್ಟ ಕಡುಬಿನ ಹಾಗಿದೆ, ಆಲೂಗಡ್ಡೆ ಹೂರಣ. ಆದರೆ ಹೂರಣದಲ್ಲೇ ಹಂದಿ ಕೊಬ್ಬು ಸೇರಿರುತ್ತದೆ. ಮೋಸಹೋಗುವುದು ಇಂಥಲ್ಲೇ. ‘ಷ್ಟ್ರುಕ್ಲಿ’ ಪರವಾಗಿಲ್ಲ, ಹಿಟ್ಟಿನ ಹಾಳೆಯಲ್ಲಿ ಚೀಸೋ ಅಕ್ರೋಟೋ ಸುತ್ತಿ ಬೇಯಿಸಿದ್ದು. ಆದರೂ ಮೊಟ್ಟೆ ಇದೆಯಾ ಅಂತ ಕೇಳಬೇಕು. ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಪುಳಿಯೋಗರೆ ಗೊಜ್ಜು ಕಲಸಲು ಕೂತರು.

ಸೆಪ್ಟೆಂಬರ್ 15

ಇವತ್ತಿನದು ಪ್ಲ್ಯಾನಿನಲ್ಲಿ ಇರಲಿಲ್ಲ. ಕಾಫಿ ಕೇಳುವುದು ಹೇಗೆ ಅಂತ ನೋಡುತ್ತಿದ್ದೆ. ಒಂದಾದರೆ ‘ಕಾವಾ’, ಎರಡಾದರೆ ‘ದ್ವೇ ಕಾವಿ’, ಮೂರಾದರೆ ‘ತ್ರಿ ಕಾವೆ’. ಎರಡಕ್ಕೂ ಮೂರಕ್ಕೂ ಯಾಕೆ ಬೇರೆ ಅಂತ ಜೋರಾಗಿ ಗೊಣಗಿದೆ. ಅಮ್ಮ ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರು. ಒಲೆ ಮುಂದಿನಿಂದಲೇ "ದ್ವಿವಚನ ಕಣೇ ಅದು!" ಅಂದರು. ಸ್ಲೊವೇನಿಯನ್ ಭಾಷೆಯಲ್ಲಿ ದ್ವಿವಚನ ಇವತ್ತಿಗೂ ಬಳಕೆಯಲ್ಲಿದೆ. ನಾನು ರಾಮಃ ರಾಮೌ ರಾಮಾಃ ಅಂತ ಶುರು ಮಾಡಿದೆ. ತಡೆದರು. "ಕಾವಾ ಸ್ತ್ರೀಲಿಂಗ ಅಲ್ವಾ? ಹಾಗಾದ್ರೆ ರಮಾ ರಮೇ ರಮಾಃ. ಅದಕ್ಕೇ ದ್ವೇ ಬಂದಿದೆ, ದ್ವೌ ಅಲ್ಲ." ನನ್ನ ಫೋನಿಗಿಂತ ಚೆನ್ನಾಗಿ ಹೇಳಿಕೊಟ್ಟರು. ಸೌಟು ಇನ್ನೂ ಕೈಯಲ್ಲೇ ಇತ್ತು.

ಬರೀ ‘ಕಾವಾ’ ಅಂದರೆ ಹಾಲಿಲ್ಲದ ಕಹಿ ಕಾಫಿ ಬರಬಹುದು. ಹಾಲು ಹಾಕಿದ್ದು ‘ಬೇಲಾ ಕಾವಾ’, ಬಿಳಿ ಕಾಫಿ. ಎರಡಾದರೆ ‘ದ್ವೇ ಬೇಲಿ ಕಾವಿ’. ಅಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಬೇಲಿಗೆ ಕಾವಿ ಒಣಹಾಕಿದಾರೆ ಅಂತ ನೆನಪಿಟ್ಟುಕೊಂಡರೆ ಆಯ್ತು!"

ಸೆಪ್ಟೆಂಬರ್ 18, ರಾತ್ರಿ

14ರಲ್ಲಿ ಉಳಿದಿದ್ದು 6. ಎರಡು ಪಾಸ್‌ಪೋರ್ಟ್, ನನ್ನ ರೆಸಿಡೆನ್ಸ್ ಕಾರ್ಡ್, ಅಮ್ಮನ ಇನ್ಶೂರೆನ್ಸ್ ಕಾಗದ ಒಂದೇ ಚೀಲದಲ್ಲಿ. ಮಂಡಿಗೆ ಹಾಕುವ ಪಟ್ಟಿ ಮೇಲಿನ ಜೇಬಿನಲ್ಲಿ. ಮಳೆ ಬಂದು ತೆರೆದ ಅಡುಗೆಮನೆ ರದ್ದಾದರೆ ಪುಳಿಯೋಗರೆ ಇದೆ, ಅವಲಕ್ಕಿ ಇದೆ, ಎರಡು ಛತ್ರಿಯೂ ಇವೆ.

ಅಮ್ಮ ಮಲಗುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ಒಪ್ಪಿಸಿದರು. "ದ್ವೇ ಬೇಲಿ ಕಾವಿ, ಪ್ರೊಸಿಮ್." (ಪ್ರೊಸಿಮ್ ಅಂದರೆ ದಯವಿಟ್ಟು.) ಆಮೇಲೆ ಕೇಳಿದರು, "ಸಕ್ಕರೆ ಕಮ್ಮಿ ಅನ್ನೋದು ಹೇಗೆ?"