ತೊಮೊ-ಕಹ್ನಿಯ ಒರಳುಗಳು: ಕವಾಯಿಸು ಅಡುಗೆ, ಕವಾಯಿಸು ಮಾತು

ಕವಾಯಿಸು ಎಂಬುದು ಅಮೆರಿಕದ ಮೂಲಜನರ ಒಂದು ಗುಂಪಿನ ಹೆಸರು. ಅದು ಆ ಜನ ತಾವೇ ಇಟ್ಟುಕೊಂಡದ್ದಲ್ಲ, ನೆರೆಯ ಯೋಕುಟ್ಸ್ ಜನರಿಂದ ಬಂದದ್ದು. ಕವಾಯಿಸು ಜನ ತಮ್ಮನ್ನು ಕರೆದುಕೊಳ್ಳುವುದು ನುವಾ ಎಂದು. ಅರ್ಥ ಇಷ್ಟೇ: ಜನ. ಊರು ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ, ಸಿಯೆರಾ ನೆವಾಡಾ ಬೆಟ್ಟಸಾಲು ದಕ್ಷಿಣದಲ್ಲಿ ಮುಗಿಯುವ ತೆಹಾಚಪಿಯ ಸುತ್ತಮುತ್ತ. ಇತ್ತ ಓಕ್ ಮರಗಳ ಇಳಿಜಾರು, ಪೂರ್ವಕ್ಕೆ ಇಳಿದರೆ ಮೊಹಾವಿ ಮರುಭೂಮಿ.

‘ನುವಾ’ ಎಂದು ಕನ್ನಡದಲ್ಲಿ ಬರೆದಾಗ ಮೊದಲ ಸ್ವರ ತಪ್ಪಿಹೋಗುತ್ತದೆ. ಅದು ಉಕಾರವಲ್ಲ. ಉಕಾರಕ್ಕೆ ತುಟಿ ದುಂಡಗಾಗಬೇಕು. ಇಲ್ಲಿ ತುಟಿಯನ್ನು ಹಾಗೇ ಬಿಟ್ಟು ನಾಲಿಗೆಯ ನಡುಭಾಗವನ್ನು ಮೇಲೆತ್ತಬೇಕು. ತುಳುವಿನ ಪದಗಳ ಕೊನೆಗೆ ಬರುವ ಅರ್ಧ ಉಕಾರ ಗೊತ್ತಿದ್ದವರಿಗೂ ಕೊಡವ ತಕ್ಕ್ ಆಡುವವರಿಗೂ ಇದು ಕಷ್ಟವಲ್ಲ. ಇಂಗ್ಲಿಷ್ ಮಾತ್ರ ಬಲ್ಲವರು ಎಡವುವುದೇ ಇಲ್ಲಿ, ತುಟಿ ತಾನಾಗಿ ದುಂಡಗಾಗಿಬಿಡುತ್ತದೆ.

ಭಾಷೆ ಯುಟೊ-ಆಜ್ಟೆಕನ್ ಕುಟುಂಬದ್ದು, ಅದರಲ್ಲಿ ನ್ಯೂಮಿಕ್ ಶಾಖೆ, ಅದರಲ್ಲೂ ದಕ್ಷಿಣದ ಗುಂಪು. ಚೆಮೆಹ್ಯೂವಿ, ದಕ್ಷಿಣ ಪೈಯೂಟ್, ಯೂಟ್ ಇದರ ಹತ್ತಿರದ ನೆಂಟರು. ಕನ್ನಡದಂತೆಯೇ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸಿ ಪದ ಬೆಳೆಸುತ್ತದೆ. ಮೇಲೆ, ಒಳಗೆ ಎಂಬಂಥ ಮಾತುಗಳು ನಾಮಪದದ ಹಿಂದೆಯೇ ಬರುತ್ತವೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕು ಮಾತು ನಮಗೆ ಹೇಗೆ ಬೇಕೇಬೇಕೋ ನ್ಯೂಮಿಕ್ ಭಾಷೆಗಳಿಗೂ ಹಾಗೆಯೇ. ಅಜ್ಜ-ಅಜ್ಜಿಯ ವಿಷಯದಲ್ಲಿ ಅವು ನಮಗಿಂತ ಒಂದು ಹೆಜ್ಜೆ ಮುಂದೆ: ಅಪ್ಪನ ಅಪ್ಪ, ಅಪ್ಪನ ಅಮ್ಮ, ಅಮ್ಮನ ಅಪ್ಪ, ಅಮ್ಮನ ಅಮ್ಮ, ನಾಲ್ವರಿಗೂ ಬೇರೆಬೇರೆ ಪದ. ಅಜ್ಜಿಯನ್ನು ಮೊಮ್ಮಗು ಕರೆಯುವ ಪದದ ಬುಡವನ್ನೇ ಇಟ್ಟುಕೊಂಡು ಅಜ್ಜಿ ಮೊಮ್ಮಗುವನ್ನು ಕರೆಯುತ್ತಾಳೆ. ಈ ಒಂದು ಸಂಗತಿಗಾಗಿಯೇ ಈ ಭಾಷೆಗಳನ್ನು ಕಲಿಯಬೇಕು ಅನಿಸುತ್ತದೆ.

ತೊಮೊ ಎಂದರೆ ಚಳಿಗಾಲ, ಕಹ್ನಿ ಎಂದರೆ ಮನೆ. ವಿಲೋ ಕೋಲುಗಳನ್ನು ವೃತ್ತವಾಗಿ ನೆಟ್ಟು, ತುದಿಗಳನ್ನು ಬಗ್ಗಿಸಿ ಕಟ್ಟಿ, ಮೇಲೆ ಪೊದೆಸೊಪ್ಪು, ತೊಗಟೆ, ಜೊಂಡಿನ ಚಾಪೆ ಹೊದಿಸಿದ ಗುಡಿಸಲು. ನೆತ್ತಿಯಲ್ಲಿ ಹೊಗೆಗಂಡಿ. ತೆಹಾಚಪಿ ಬಳಿಯ ಸ್ಯಾಂಡ್ ಕ್ಯಾನ್ಯನ್‌ನಲ್ಲಿ ಹಳೆಯ ಚಳಿಗಾಲದ ಹಳ್ಳಿಯೊಂದಿದ್ದ ಜಾಗ ಈಗ ತೊಮೊ-ಕಹ್ನಿ ಎಂಬ ಹೆಸರಿನ ರಾಜ್ಯ ಐತಿಹಾಸಿಕ ಉದ್ಯಾನ. ಗುಡಿಸಲುಗಳು ಉಳಿದಿಲ್ಲ. ಬುಡಕ್ಕೆ ಇಟ್ಟಿದ್ದ ಕಲ್ಲಿನ ಬಳೆಗಳಿವೆ, ಬಂಡೆಯಲ್ಲೇ ಕುಟ್ಟಿಕುಟ್ಟಿ ಆಳವಾದ ಒರಳುಗುಳಿಗಳಿವೆ.

ಆ ಗುಳಿಗಳಲ್ಲಿ ಕುಟ್ಟುತ್ತಿದ್ದುದು ಮುಖ್ಯವಾಗಿ ಓಕ್ ಕಾಯಿ. ಇದರ ಅಡುಗೆ ದಿನವೊಂದರ ಕೆಲಸವಲ್ಲ.

ಕಾಯಿ ಶರತ್ಕಾಲದಲ್ಲಿ ಉದುರುತ್ತದೆ. ಮೊದಲ ಸರದಿಯಲ್ಲಿ ಬಿದ್ದದ್ದನ್ನು ಆರಿಸಬಾರದು, ಅದರಲ್ಲಿ ಹುಳು ಹಿಡಿದದ್ದೇ ಹೆಚ್ಚು. ತಲೆಯ ಟೊಪ್ಪಿಗೆ ಕಳಚದೆ ಬಿದ್ದ ಕಾಯನ್ನೂ ಬಿಡಬೇಕು. ಸಿಪ್ಪೆಯಲ್ಲಿ ಗುಂಡಗಿನ ಸಣ್ಣ ತೂತು ಕಂಡರೆ ಒಳಗಿನ ಹುಳು ತಿಂದು ಹೊರಟುಹೋಗಿದೆ ಎಂದರ್ಥ. ಆರಿಸಿದ್ದನ್ನು ಚೆನ್ನಾಗಿ ಒಣಗಿಸಬೇಕು. ಹಸಿಯಾಗಿಯೇ ತುಂಬಿಟ್ಟರೆ ಬೂಷ್ಟು ಬಂದು ಇಡೀ ರಾಶಿ ಹಾಳು. ಒಣಗಿದಾಗ ತಿರುಳು ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಳ್ಳುತ್ತದೆ, ಒಡೆಯುವುದೂ ಸಲೀಸು.

ಕಾಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ತುದಿಗೆ ಇನ್ನೊಂದು ಕಲ್ಲಿನಿಂದ ಹೊಡೆಯುತ್ತಾರೆ. ತಿರುಳಿಗಂಟಿದ ಕೆಂಪು ಪೊರೆಯನ್ನು ಉಜ್ಜಿ, ಕೇರಿ ತೆಗೆಯಬೇಕು. ಅದು ಉಳಿದಷ್ಟೂ ಒಗರು. ಆಮೇಲೆ ಕುಟ್ಟುವುದು, ಬುಟ್ಟಿತಟ್ಟೆಯಲ್ಲಿ ಕೇರಿ ತರಿ ಬೇರೆ ಮಾಡುವುದು, ತರಿಯನ್ನು ಮತ್ತೆ ಒರಳಿಗೆ ಹಾಕುವುದು. ಹಿಟ್ಟು ನುಣ್ಣಗಾಗಲೇಬೇಕು, ಏಕೆಂದರೆ ಮುಂದಿನ ಕೆಲಸ ನೀರಿನದು, ನೀರು ತರಿಯ ಒಡಲಿಗೆ ಇಳಿಯುವುದಿಲ್ಲ.

ಓಕ್ ಕಾಯಿಯ ಒಗರಿಗೆ ಕಾರಣ ಟ್ಯಾನಿನ್. ಅದನ್ನು ತೊಳೆದು ಕಳೆಯಲು ಮರಳಿನಲ್ಲಿ ಆಳವಿಲ್ಲದ ತಗ್ಗು ಮಾಡಿ, ಹಿಟ್ಟನ್ನು ತೆಳ್ಳಗೆ ಹರಡಿ, ನೀರು ಹೊಯ್ಯುತ್ತ ಹೋಗುತ್ತಾರೆ. ನೀರು ನೇರ ಹಿಟ್ಟಿಗೆ ಬಿದ್ದರೆ ಗುಳಿ ಬಿದ್ದು ಮರಳು ಮೇಲೆದ್ದು ಬೆರೆಯುತ್ತದೆ. ಎಲೆಯ ರೆಂಬೆ ಅಡ್ಡ ಹಿಡಿದು ಅದರ ಮೇಲೆ ಹೊಯ್ದರೆ ನೀರು ಸಮನಾಗಿ ಹರಡುತ್ತದೆ. ಎಷ್ಟು ಸಲ ಎಂಬುದಕ್ಕೆ ಲೆಕ್ಕವಿಲ್ಲ. ನಾಲಿಗೆಗೆ ಒಂದು ಚಿಟಿಕೆ ಹಾಕಿ ನೋಡಬೇಕು, ಒಗರು ಹೋಗಿದ್ದರೆ ಮುಗಿಯಿತು. ಬೇಗ ಮುಗಿಸೋಣವೆಂದು ಮೊದಲೇ ಕುದಿನೀರು ಹೊಯ್ದರೆ ಪಿಷ್ಟ ಬೆಂದು ಗಂಟಾಗುತ್ತದೆ, ಒಗರು ಗಂಟಿನೊಳಗೇ ಸಿಕ್ಕಿಕೊಳ್ಳುತ್ತದೆ.

ಬೇಯಿಸುವುದು ಬುಟ್ಟಿಯಲ್ಲಿ. ಬುಟ್ಟಿ ಬೆಂಕಿಯ ಮೇಲೆ ಕೂರುವುದಿಲ್ಲ, ಕಾದ ಕಲ್ಲು ಬುಟ್ಟಿಯೊಳಗೆ ಇಳಿಯುತ್ತದೆ. ಒತ್ತಾಗಿ ಸುರುಳಿ ಹೊಲಿದ ಬುಟ್ಟಿಯನ್ನು ಮೊದಲು ನೀರಲ್ಲಿ ನೆನೆಸಿದರೆ ನಾರು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಹಿಟ್ಟು-ನೀರು ಕಲಸಿ ಹಾಕಿ, ಕೆಂಡದಿಂದ ತೆಗೆದ ಕಲ್ಲನ್ನು ನೀರಲ್ಲಿ ಅದ್ದಿ ಬೂದಿ ತೊಳೆದು ಒಳಗಿಡುತ್ತಾರೆ. ಕಲ್ಲು ಬಿದ್ದ ಗಳಿಗೆಯಿಂದ ಕೈ ನಿಲ್ಲಿಸುವಂತಿಲ್ಲ. ಒಂದೇ ಕಡೆ ಕೂತ ಕಲ್ಲು ಬುಟ್ಟಿಯ ತಳ ಸುಡುತ್ತದೆ. ಕಲ್ಲನ್ನು ಆರಿಸುವುದರಲ್ಲೂ ಜಾಣ್ಮೆ ಬೇಕು: ಬಿರುಕಿಲ್ಲದ, ಒತ್ತಾದ, ಒಣಗಿದ ಕಲ್ಲೇ ಆಗಬೇಕು. ಹೊಳೆಯಿಂದ ಆಗತಾನೆ ತಂದ ಕಲ್ಲಿನೊಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಕೆಲವೇ ನಿಮಿಷಕ್ಕೆ ಹಿಟ್ಟು ಕೊತಕೊತ ಕುದ್ದು ಅಂಬಲಿಯಾಗುತ್ತದೆ. ಉಪ್ಪಿಲ್ಲದ, ಮಂದವಾದ, ಹೊಟ್ಟೆ ಹಿಡಿಯುವ ಊಟ.

ಪಿನ್ಯನ್ ಪೈನ್ ಬೀಜದ ದಾರಿಯೇ ಬೇರೆ. ಅಲ್ಲಿಯ ಜಾತಿಯಲ್ಲಿ ಸೂಜಿ ಎಲೆ ಒಂಟೊಂಟಿಯಾಗಿ ಬೆಳೆಯುತ್ತದೆ, ಗುರುತಿಸುವುದು ಅದರಿಂದಲೇ. ಶಂಕುಕಾಯಿ ಬಲಿಯಲು ಎರಡು ವರ್ಷ ಬೇಕು. ಅದು ತಾನಾಗಿ ಬಿರಿಯುವವರೆಗೆ ಕಾದರೆ ಹಕ್ಕಿಗಳು ಬೀಜ ಖಾಲಿ ಮಾಡಿರುತ್ತವೆ. ಅದಕ್ಕೇ ಹಸಿರಿರುವಾಗಲೇ ಕೊಕ್ಕೆಕೋಲಿನಿಂದ ಕೀಳುತ್ತಾರೆ, ಬೆಂಕಿಯಲ್ಲಿ ಸುಟ್ಟು ರಾಳ ಕರಗಿಸಿ ಬಾಯಿ ಬಿಡಿಸುತ್ತಾರೆ. ಬೀಜ ಹುರಿಯುವುದೂ ಬುಟ್ಟಿತಟ್ಟೆಯಲ್ಲೇ, ಕೆಂಡದ ಜೊತೆ ಸೇರಿಸಿ ಎಡೆಬಿಡದೆ ಎಗರಿಸುತ್ತ.

1930ರ ದಶಕದಲ್ಲಿ ಈ ಜನರ ನಡುವೆ ಕೂತು ಗಿಡ, ಕಥೆ, ಪದಗಳನ್ನು ಬರೆದುಕೊಂಡವರು ಮಾರಿಸ್ ಜಿಗ್ಮಂಡ್. ಕರ್ಟಿಸ್ ಬೂತ್, ಪಮೇಲಾ ಮನ್ರೊ ಜೊತೆ ಸೇರಿ ಅವರು ಸಿದ್ಧಪಡಿಸಿದ ವ್ಯಾಕರಣ ಮತ್ತು ನಿಘಂಟು 1990ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಅಮೂಲ್ಯ ಕೆಲಸ. ಆದರೂ ‘ಕೇರು’, ‘ಉಜ್ಜು’, ‘ಇನ್ನೂ ಒಗರಿದೆ’ ಎಂಬ ಮಾತುಗಳು ನಾಲಿಗೆಯಲ್ಲಿ ಕೂರುವುದು ಕೈ ಹಿಟ್ಟಿನಲ್ಲಿದ್ದಾಗ. ಬಾಲ್ಯದಿಂದ ಈ ಭಾಷೆ ಆಡಿದವರು ಬೆರಳೆಣಿಕೆಗೆ ಇಳಿದ ಮೇಲೆ ಕೈಗೆತ್ತಿಕೊಂಡ ದಾರಿಯೂ ಅದೇ. ಕ್ಯಾಲಿಫೋರ್ನಿಯಾದ ಮೂಲಜನರ ಭಾಷೆಗಳಿಗಾಗಿ 1990ರ ದಶಕದಲ್ಲಿ ರೂಪುಗೊಂಡ ಗುರು-ಶಿಷ್ಯ ಕ್ರಮ ಅದು. ಹಿರಿಯರೊಬ್ಬರು, ಕಲಿಯುವವರೊಬ್ಬರು, ವಾರಕ್ಕೆ ಹತ್ತಿಪ್ಪತ್ತು ಗಂಟೆ, ನಡುವೆ ಇಂಗ್ಲಿಷ್ ಇಲ್ಲ. ಪಾಠವೆಂದರೆ ಅಡುಗೆ, ಬಟ್ಟೆ ಮಡಿಸುವುದು, ಗಿಡ ನೋಡುತ್ತ ನಡೆಯುವುದು.

ಕೆಡುವುದೂ ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಕಲಿಯುವವರು ಪದಕ್ಕೆ ತಡವರಿಸಿದಾಗ ಹಿರಿಯರು ಕನಿಕರದಿಂದ ಇಂಗ್ಲಿಷ್ ಅರ್ಥ ಹೇಳಿಬಿಡುತ್ತಾರೆ, ಆಮೇಲೆ ಆ ಗಂಟೆ ಪೂರ್ತಿ ಇಂಗ್ಲಿಷಿನಲ್ಲೇ ಕಳೆಯುತ್ತದೆ. ಹಾಗೆ ಹೇಳುವ ಬದಲು ಹಿಟ್ಟನ್ನು ಬೆರಳಿನಿಂದ ತೋರಿಸಬೇಕು, ಒಂದು ಚಿಟಿಕೆ ತೆಗೆದು ಅವರ ನಾಲಿಗೆಗೆ ಹಾಕಬೇಕು, ಒಗರಿಗೆ ಮುಖ ಕಿವುಚಿದ ಕ್ಷಣದಲ್ಲಿ ಆ ಪದವನ್ನು ಇನ್ನೊಮ್ಮೆ ಹೇಳಬೇಕು.