ಕೇಬಲ್ ಕಿತ್ತಿಟ್ಟ ವಿಎಂ ಮತ್ತೆ ನೆಟ್‌ವರ್ಕಿಗೆ ಬಂದದ್ದು ಹೇಗೆ

ವಿಎಂಗಳ (ಒಂದು ಅಸಲಿ ಸರ್ವರಿನೊಳಗೆ ಸಾಫ್ಟ್‌ವೇರಿನಿಂದ ಓಡುವ ವರ್ಚುವಲ್ ಮಷೀನುಗಳ) ನೆಟ್‌ವರ್ಕ್ ಕಾರ್ಡನ್ನು ಸ್ಕ್ರಿಪ್ಟಿನಿಂದ ಬಿಡಿಸುವ, ಮತ್ತೆ ಸೇರಿಸುವ ಕೆಲಸ ನಮ್ಮ ತಂಡಕ್ಕೆ ಪದೇ ಪದೇ ಬರುತ್ತದೆ. ಹಳೇ ಸರ್ವರಿನಿಂದ ಹೊಸದಕ್ಕೆ ಹೋಗುವಾಗ ಹಳೆಯದನ್ನು ಬಿಡಿಸಬೇಕು. ಬ್ಯಾಕಪ್‌ನಿಂದ ಎಬ್ಬಿಸಿದ ನಕಲು ವಿಎಂ ಅಸಲಿ ನೆಟ್‌ವರ್ಕನ್ನು ಮುಟ್ಟಬಾರದು. ವೈರಸ್ ಅನುಮಾನ ಬಂದ ಮಷೀನನ್ನು ತಕ್ಷಣ ಬೇರೆ ಮಾಡಬೇಕು. ಒಂದೆರಡಾದರೆ ಮೌಸ್ ಸಾಕು, ಜಾಸ್ತಿ ಆದರೆ ಸ್ಕ್ರಿಪ್ಟೇ ಗತಿ. ಕಮಾಂಡ್ ಒಂದೇ ಸಾಲಿನದು. ಕಷ್ಟ ಇರುವುದು ಅದರ ಹಿಂದೆ ಮುಂದೆ.

ಒಂದು ಅಪ್ಲಿಕೇಶನ್ ಸರ್ವರನ್ನು ಹೊಸ ವಿಎಂಗೆ ಸಾಗಿಸಿದ್ದರು. ಐಪಿ ವಿಳಾಸ ಬದಲಾಗುವಂತಿರಲಿಲ್ಲ. ಹಾಗಾಗಿ ಹಳೇ ವಿಎಂ ಅನ್ನು ಆಫ್ ಮಾಡದೆ, ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ಒಂದು ಸ್ಕ್ರಿಪ್ಟಿನಿಂದ ಅದರ ಕಾರ್ಡನ್ನು ಬಿಡಿಸಿ ಇಟ್ಟಿದ್ದರು. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಲು ಇರಲಿ ಅಂತ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆಮೇಲೆ ಹೋಸ್ಟನ್ನು (ವಿಎಂಗಳು ಓಡುವ ಅಸಲಿ ಸರ್ವರನ್ನು) ಪ್ಯಾಚ್ ಮಾಡುವ ಸರದಿ ಬಂತು. ಅದರ ಮೇಲಿದ್ದ ವಿಎಂಗಳೆಲ್ಲ ಆಫ್ ಆಗಿ ಆನ್ ಆದವು.

ಮಾರನೇ ಬೆಳಗ್ಗೆ ವಿಚಿತ್ರ ದೂರುಗಳು ಶುರುವಾದವು. ಲಾಗಿನ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಹೊರಗೆ ಹಾಕುತ್ತದೆ. ಸೇವ್ ಮಾಡಿದ ಎಂಟ್ರಿ ಆಮೇಲೆ ಹುಡುಕಿದರೆ ಇಲ್ಲ. ಪಿಂಗ್ ಮಾಡಿದರೆ (ಮಷೀನು ಉತ್ತರ ಕೊಡುತ್ತದಾ ಅಂತ ನೋಡಿದರೆ) ಮಾತ್ರ ಎಲ್ಲ ಚೆನ್ನಾಗಿದೆ! ಗೇಟ್‌ವೇಯಲ್ಲಿ (ನಮ್ಮ ನೆಟ್‌ವರ್ಕಿನಿಂದ ಹೊರಗೆ ಹೋಗುವ ಬಾಗಿಲಿನಲ್ಲಿ) ಎಆರ್‌ಪಿ ಟೇಬಲ್, ಅಂದರೆ ಯಾವ ಐಪಿ ಯಾವ ಕಾರ್ಡಿನದು ಅನ್ನುವ ಪಟ್ಟಿ, ತೆರೆದು ಅದೇ ಐಪಿಯನ್ನು ಮತ್ತೆ ಮತ್ತೆ ನೋಡಿದಾಗ ವಿಷಯ ಬಯಲಾಯಿತು. ಅದರ ಎದುರಿಗಿದ್ದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬದಲಾಗುತ್ತಿತ್ತು. ಎರಡು ಮ್ಯಾಕ್‌ಗಳೂ 00:50:56 ಅಂತಲೇ ಶುರುವಾಗುತ್ತಿದ್ದವು. ಅದು ನಮ್ಮ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್ ವಿಎಂವೇರ್‌ನ ಗುರುತು. ಅಂದರೆ ಜಗಳ ನಮ್ಮದೇ ಎರಡು ವಿಎಂಗಳದು. ಹಳೆಯದು ಎದ್ದು ಕೂತು, ಅದೇ ಐಪಿಗೆ ತಾನೂ ಉತ್ತರ ಕೊಡುತ್ತಿತ್ತು. ಕೆಲವರ ಎಂಟ್ರಿಗಳು ಹಳೇ ಡೇಟಾಬೇಸಿಗೆ ಹೋಗಿ ಬಿದ್ದಿದ್ದವು.

ಕಾರಣ ಸಣ್ಣದು. ವಿಎಂವೇರ್‌ನಲ್ಲಿ ಪ್ರತಿ ಕಾರ್ಡಿಗೂ ಎರಡು ಟಿಕ್ ಇರುತ್ತವೆ. 'ಕನೆಕ್ಟೆಡ್' ಅನ್ನುವುದು ಈ ಕ್ಷಣದ ಸ್ಥಿತಿ. 'ಕನೆಕ್ಟ್ ಅಟ್ ಪವರ್ ಆನ್' ಅನ್ನುವುದು ಮುಂದಿನ ಸಲ ಆನ್ ಮಾಡಿದಾಗ ಏನಾಗಬೇಕು ಅನ್ನುವುದು. ಸ್ಕ್ರಿಪ್ಟ್ ಮೊದಲನೆಯದನ್ನು ಮಾತ್ರ ತೆಗೆದಿತ್ತು. ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಕೆವಿಎಂ, ಅದರಲ್ಲೂ ಇದೇ ಕಥೆ. ಓಡುತ್ತಿರುವ ವಿಎಂನ ಲಿಂಕನ್ನು ವಿರ್ಶ್ ಅನ್ನುವ ಕಮಾಂಡಿನಿಂದ ಡೌನ್ ಮಾಡಿದರೆ ಅದು ಆ ಹೊತ್ತಿಗೆ ಮಾತ್ರ. ಮುಂದಿನ ಸಲಕ್ಕೂ ಬೇಕಿದ್ದರೆ ಅದೇ ಕಮಾಂಡನ್ನು 'ಕಾನ್ಫಿಗ್' ಆಯ್ಕೆಯೊಂದಿಗೆ ಇನ್ನೊಮ್ಮೆ ಕೊಡಬೇಕು. ಮೈಕ್ರೋಸಾಫ್ಟಿನ ಹೈಪರ್-ವಿ ರೀತಿ ಬೇರೆ. ಅಲ್ಲಿ ಕಾರ್ಡನ್ನು ವರ್ಚುವಲ್ ಸ್ವಿಚ್ಚಿನಿಂದಲೇ ಬಿಡಿಸುತ್ತಾರೆ. ಮತ್ತೆ ಸೇರಿಸುವಾಗ ಯಾವ ಸ್ವಿಚ್ಚು ಅಂತ ನೀವೇ ಹೇಳಬೇಕು. ಬರೆದಿಟ್ಟಿಲ್ಲದಿದ್ದರೆ ಅದನ್ನು ಎಲ್ಲಿಂದ ತರುತ್ತೀರಿ, ಅಲ್ವಾ?

ಅದಕ್ಕೇ ಆ ಸ್ಕ್ರಿಪ್ಟನ್ನು ಹೊಸದಾಗಿ ಬರೆಯುವಾಗ ನಾನು ಮೊದಲು ಬರೆದದ್ದು ಓದುವ ಭಾಗ. ಏನನ್ನೂ ಮುಟ್ಟುವ ಮುಂಚೆ ಅದು ವಿಎಂ ಹೆಸರು, ಕಾರ್ಡಿನ ಮ್ಯಾಕ್, ಯಾವ ನೆಟ್‌ವರ್ಕ್, ಎರಡೂ ಟಿಕ್‌ಗಳ ಸ್ಥಿತಿ, ಇಷ್ಟನ್ನೂ ಒಂದು ಸಿಎಸ್‌ವಿ ಫೈಲಿಗೆ (ಸಾದಾ ಪಟ್ಟಿಯ ಫೈಲಿಗೆ) ಇಳಿಸುತ್ತದೆ. ಫೈಲ್ ಬರೆಯಲು ಆಗದಿದ್ದರೆ ಅಲ್ಲೇ ನಿಲ್ಲುತ್ತದೆ. ಮತ್ತೆ ಸೇರಿಸುವಾಗ ಆ ಫೈಲಿನಲ್ಲಿ ಇದ್ದಂತೆಯೇ ಸೇರಿಸುತ್ತದೆ. 'ಎಲ್ಲ ಕಾರ್ಡುಗಳನ್ನೂ ಸೇರಿಸು' ಅನ್ನುವ ಆಯ್ಕೆಯನ್ನು ನಾನು ಇಡಲೇ ಇಲ್ಲ. ಇಡಿ ಅಂತ ಬಹಳ ಜನ ಕೇಳುತ್ತಾರೆ. ಆದರೆ ಯಾರೋ ಬೇಕಂತಲೇ ಬಿಡಿಸಿಟ್ಟ ಕಾರ್ಡು ಯಾವ ವಿಎಂನಲ್ಲಿ ಬೇಕಾದರೂ ಇರಬಹುದು.

ಕಾರ್ಡನ್ನು ಹೆಸರಿನಿಂದ ಗುರುತಿಸುವುದನ್ನೂ ಬಿಟ್ಟೆ. ಹೊರಗೆ 'ನೆಟ್‌ವರ್ಕ್ ಅಡಾಪ್ಟರ್ 1' ಅಂತ ಕಾಣುವ ಕಾರ್ಡು ವಿಎಂ ಒಳಗೂ ಮೊದಲನೆಯದೇ ಆಗಿರಬೇಕೆಂದಿಲ್ಲ. ಎರಡು ಕಡೆಯೂ ಒಂದೇ ಆಗಿ ಕಾಣುವುದು ಮ್ಯಾಕ್ ವಿಳಾಸ.

ವಿಎಂ ಒಳಗೆ ಎಸ್‌ಎಸ್‌ಎಚ್‌ನಿಂದ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗಿ) ಹೋಗಿ ಕಾರ್ಡನ್ನು ಡೌನ್ ಮಾಡುವುದು ಕೂತ ಕೊಂಬೆಯನ್ನೇ ಕಡಿದಂತೆ. ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಕಡೆಯಿಂದ ಬಿಡಿಸಿದರೆ ಕನ್ಸೋಲ್, ಅಂದರೆ ವಿಎಂನ ಸ್ವಂತ ಪರದೆ, ಕೈಯಲ್ಲೇ ಇರುತ್ತದೆ. ಒಳಗೇ ಬದಲಾಯಿಸಬೇಕಾಗಿ ಬಂದರೆ, ಉಬುಂಟು ಲಿನಕ್ಸಿನಲ್ಲಿ 'ನೆಟ್‌ಪ್ಲಾನ್ ಟ್ರೈ' ಕಮಾಂಡ್ ಬಳಸಿ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಅದು ಹಳೇ ಸೆಟ್ಟಿಂಗಿಗೆ ವಾಪಸ್ ಹೋಗುತ್ತದೆ. ಇಂಥ ಸೌಲಭ್ಯ ಇದ್ದೂ ಬಳಸದವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಸೇರಿಸುವ ಮುಂಚೆ ಇನ್ನೊಂದು ಪರೀಕ್ಷೆ ಇಟ್ಟಿದ್ದೇನೆ. ಅದೇ ವಿಎಲ್ಯಾನ್‌ನಲ್ಲಿರುವ (ನೆಟ್‌ವರ್ಕಿನ ಅದೇ ಭಾಗದಲ್ಲಿರುವ) ಬೇರೊಂದು ಮಷೀನಿನಿಂದ ಆ ಐಪಿಗೆ ಆರ್ಪ್‌ಪಿಂಗ್, ಅಂದರೆ ಎಆರ್‌ಪಿಯಲ್ಲಿ 'ಈ ಐಪಿ ಯಾರದು' ಅನ್ನುವ ಪ್ರಶ್ನೆ, ಹೋಗುತ್ತದೆ. ಯಾರಾದರೂ ಉತ್ತರ ಕೊಟ್ಟರೆ ಆ ವಿಳಾಸ ಖಾಲಿ ಇಲ್ಲ ಅಂತ ಅರ್ಥ, ಸ್ಕ್ರಿಪ್ಟ್ ಮುಂದೆ ಹೋಗುವುದಿಲ್ಲ. ಇದಕ್ಕೆ ಮಾಮೂಲಿ ಪಿಂಗ್ ಸಾಲದು. ಫೈರ್‌ವಾಲ್ ಪಿಂಗನ್ನು ತಡೆದಿದ್ದರೂ ಮಷೀನು ಎಆರ್‌ಪಿಗೆ ಸಾಮಾನ್ಯವಾಗಿ ಉತ್ತರ ಕೊಡುತ್ತದೆ.

ಸ್ಕ್ರಿಪ್ಟನ್ನು ಸುಮ್ನೆ ಓಡಿಸಿದರೆ ಏನೇನು ಬದಲಾಗಲಿದೆ ಅಂತ ತೋರಿಸುತ್ತದೆ, ಅಷ್ಟೇ. ನಿಜವಾಗಿ ಬದಲಾಯಿಸಲು ಬೇರೆ ಆಯ್ಕೆ ಕೊಡಬೇಕು. ಈಗ ದಿನಕ್ಕೊಮ್ಮೆ ಅದರ ಓದುವ ಭಾಗ ತಾನಾಗಿಯೇ ಓಡುತ್ತದೆ. ಎರಡು ಟಿಕ್‌ಗಳಲ್ಲಿ ಒಂದು ಇದ್ದು ಒಂದು ಇಲ್ಲದ ಕಾರ್ಡುಗಳ ಪಟ್ಟಿ ತಂಡಕ್ಕೆ ಬರುತ್ತದೆ. ಮೊದಲ ಪಟ್ಟಿಯಲ್ಲೇ ಎಲ್ಲರೂ ಮರೆತಿದ್ದ ಕೆಲವು ವಿಎಂಗಳು ಸಿಕ್ಕವು. ಅವುಗಳ ನೋಟ್ಸ್‌ನಲ್ಲಿ ಯಾಕೆ ಬಿಡಿಸಿದೆ, ಯಾರನ್ನು ಕೇಳಬೇಕು, ಎಂದಿನವರೆಗೆ ಅಂತ ಬರೆಸಿದೆವು. ನೋಟ್ಸ್ ಖಾಲಿ ಇರುವ ವಿಎಂನ ಕಾರ್ಡನ್ನು ಸ್ಕ್ರಿಪ್ಟ್ ಈಗ ಸೇರಿಸುವುದಿಲ್ಲ.